ಒಂಬತ್ತನೇ ಫಿಲ್ಮಿನ ಚುಕ್ಕೆಗಳು

ಹೆದರಿಕೆಗೆ ಒಂದೇ ಹೆಸರು ಸಾಲದು ಎಂದು ನನಗೆ ಕಲಿಸಿದವಳು ನಮ್ಮಜ್ಜಿ. ಕತ್ತಲೆ ಕೋಣೆಯೊಳಕ್ಕೆ ಕಾಲಿಡುವಾಗ ಆಗುವುದು ಅಳುಕು. ಹೊತ್ತಿಗೆ ಸರಿಯಾಗಿ ಮನೆ ಸೇರದವರ ದಾರಿ ಕಾಯುವಾಗ ಆಗುವುದು ದಿಗಿಲು. ಯಾರಿಗೂ ಹೇಳಲಾಗದ್ದನ್ನು ಒಬ್ಬಳೇ ತಿಳಿದುಕೊಂಡು ಕೂತಾಗ ಹೊಟ್ಟೆಯ ಬುಡದಲ್ಲಿ ಏನೋ ತಣ್ಣಗೆ ಹೊರಳುತ್ತದಲ್ಲ, ಅದಕ್ಕೆ ಅವಳು ಸಂಕಟ ಎನ್ನುತ್ತಿದ್ದಳು. ಮೊದಲಿನ ಎರಡೂ ನನಗೆ ಲಂಗ ಉಡುವ ವಯಸ್ಸಿನಲ್ಲೇ ಪರಿಚಯವಾಗಿದ್ದವು. ಮೂರನೆಯದು ಸಿಕ್ಕಿದ್ದು ವಿಶಾಖಪಟ್ಟಣದಲ್ಲಿ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ಬೆಳಗ್ಗೆ ಹನ್ನೊಂದು ಗಂಟೆಯ ಹೊತ್ತಿಗೆ.

ಆಗ ನನ್ನ ಗಂಡ ನೌಕಾದಳದಲ್ಲಿದ್ದರು. ಅವರ ಹಡಗು ಹೊರಟಿತೆಂದರೆ ತಿಂಗಳುಗಟ್ಟಲೆ ನೀರಿನ ಮೇಲೆ. ಕ್ವಾರ್ಟರ್ಸಿನ ಗೋಡೆ ನೋಡುತ್ತ ಕೂರಲಾರದೆ, ಎಂದೋ ಮಾಡಿ ಮರೆತಿದ್ದ ಭೌತಶಾಸ್ತ್ರದ ಎಂ.ಎಸ್ಸಿ.ಯ ಧೂಳು ಕೊಡವಿ, ಊರಿನ ಒಂದು ಕಾಲೇಜಿನಲ್ಲಿ ಸಂಶೋಧನೆಗೆ ಸೇರಿಕೊಂಡಿದ್ದೆ. ಸ್ತನದ ಎಕ್ಸ್‌ರೇ ಫಿಲ್ಮನ್ನು, ಅಂದರೆ ಮ್ಯಾಮೊಗ್ರಾಮನ್ನು, ಕಂಪ್ಯೂಟರಿಗೆ ಓದಿಸಿ, ಮನುಷ್ಯರ ಕಣ್ಣಿಗೆ ತಪ್ಪಿಸಿಕೊಳ್ಳುವ ಗುರುತುಗಳನ್ನು ಅದರಿಂದ ಹುಡುಕಿಸುವುದು ನನ್ನ ಕೆಲಸ. ಪಕ್ಕದ ಕ್ವಾರ್ಟರ್ಸಿನ ಮಂಗಳೂರು ಕಡೆಯ ಗೆಳತಿಗೆ ಇದನ್ನು ವಿವರಿಸಿದರೆ ಆಕೆ, "ಕಂಡದ್ದೇ ಸಾಕಾಗಿದೆ ಮಾರಾಯ್ತಿ, ಕಾಣದ್ದನ್ನು ಯಾಕೆ ಹುಡುಕ್ತೀರಿ?" ಎಂದಿದ್ದರು. ಆಗ ನಕ್ಕಿದ್ದೆ.

ಹುಡುಕುತ್ತಿದ್ದದ್ದು ಸುಣ್ಣದ ಚುಕ್ಕೆಗಳನ್ನು. ಸ್ತನದಲ್ಲಿ ಕ್ಯಾನ್ಸರ್ ಗಂಟಾಗಿ ಕೈಗೆ ಸಿಗುವ ಎಷ್ಟೋ ಮೊದಲೇ, ಕೆಲವರಲ್ಲಿ, ರವೆಯ ಕಾಳಿಗಿಂತ ಸಣ್ಣದಾದ ಸುಣ್ಣದ ಕಣಗಳು ಒಂದು ಕಡೆ ಗುಂಪುಗೂಡುತ್ತವೆ. ಅಲ್ಲೊಂದು ಇಲ್ಲೊಂದು ಇದ್ದರೆ ಚಿಂತೆಯಿಲ್ಲ, ಎಷ್ಟೋ ಹೆಂಗಸರಲ್ಲಿ ಇರುತ್ತವೆ. ಐದಾರು ಒಟ್ಟಿಗೆ ಒತ್ತಿಕೊಂಡು, ಒಂದೊಂದೂ ಒಂದೊಂದು ಆಕಾರದಲ್ಲಿ ಕೂತಿದ್ದರೆ ಮಾತ್ರ ಎದೆ ಝಲ್ಲೆನ್ನಬೇಕು. ಕಷ್ಟವೆಂದರೆ ಫಿಲ್ಮಿನ ಪೆಟ್ಟಿಗೆಯೊಳಗೆ ಒಂದು ಚೂರು ಧೂಳು ಸೇರಿದರೂ ಅದೂ ಹಾಗೇ ಬೆಳ್ಳಗೆ ಕಾಣುತ್ತದೆ. ಅದಕ್ಕಾಗಿ ಒಂದು ಸಲ ಮೇಲಿನಿಂದ, ಒಂದು ಸಲ ಪಕ್ಕದಿಂದ, ಎರಡು ಫಿಲ್ಮು ತೆಗೆಯುವುದು. ಧೂಳಾದರೆ ಒಂದರಲ್ಲಿ ಕಂಡು ಇನ್ನೊಂದರಲ್ಲಿ ಮಾಯವಾಗುತ್ತದೆ. ಮೈಯೊಳಗಿನದಾದರೆ ಎರಡರಲ್ಲೂ ಇರುತ್ತದೆ.

ನಮ್ಮ ಲ್ಯಾಬಿನಲ್ಲಿ ದೀಪದ ಪೆಟ್ಟಿಗೆಯ ಮೇಲೆ ಫಿಲ್ಮು ಹರಡಿ, ಮೇಲೊಂದು ಕ್ಯಾಮೆರಾ ತೂಗುಹಾಕಿ, ಚಿತ್ರವನ್ನು ತುಂಡು ತುಂಡಾಗಿ ಕಂಪ್ಯೂಟರಿಗೆ ಉಣಿಸಬೇಕಿತ್ತು. ಒಬ್ಬ ಹೆಂಗಸಿನ ಫಿಲ್ಮುಗಳಿಗೆ ಎರಡು ದಿನ ಹಿಡಿಯುತ್ತಿತ್ತು. ನಡುವೆ ಕರೆಂಟು ಹೋದರೆ ಮೂರು.

ಕಾಯಿಲೆಯಿದ್ದವರ ಫಿಲ್ಮುಗಳು ಆಸ್ಪತ್ರೆಗಳಿಂದ ಸಿಕ್ಕಿದ್ದವು. ಏನೂ ಇಲ್ಲದವರದು ಸಿಕ್ಕಿರಲಿಲ್ಲ. ಏನೂ ಇಲ್ಲದೆ ಯಾರು ತಾನೆ ಆ ಯಂತ್ರದ ಮುಂದೆ ನಿಲ್ಲುತ್ತಾರೆ? "ಸರಿಯಾಗಿರುವುದು ಹೇಗಿರುತ್ತದೆಂದು ತಿಳಿಯದ ಯಂತ್ರಕ್ಕೆ ಕೆಟ್ಟದ್ದು ಹೇಗೆ ತಿಳಿದೀತಮ್ಮಾ?" ಎನ್ನುತ್ತಿದ್ದರು ನನಗೆ ಮಾರ್ಗದರ್ಶನ ಮಾಡುತ್ತಿದ್ದ ತೆಲುಗು ಮೇಷ್ಟರು. ಅವರದು ಎರಡು ಕಟ್ಟುಪಾಡು. ನಲವತ್ತು ದಾಟಿದವರದು ಮಾತ್ರ ತೆಗೆಯಬೇಕು, ಚಿಕ್ಕವರಿಗೆ ಸುಮ್ಮನೆ ಎಕ್ಸ್‌ರೇ ತಾಕಿಸಬಾರದು. ಫಿಲ್ಮಿನ ಮೇಲೆ ಹೆಸರಿರಕೂಡದು, ನಂಬರು ಮಾತ್ರ. ಯಾವ ನಂಬರು ಯಾರದೆಂದು ಬರೆದ ಪುಸ್ತಕ ಅವರ ಬೀರುವಿನಲ್ಲಿ. ಹೆಸರು ಗೊತ್ತಾದರೆ ನೋಡುವ ಕಣ್ಣು ಪಕ್ಷಪಾತ ಮಾಡುತ್ತದೆ ಎಂಬುದು ಅವರ ನಂಬಿಕೆ.

ಏನೂ ಇಲ್ಲದವರನ್ನು ಒದಗಿಸಿದವರು ವಿಜಯವಾಡದ ನಮ್ಮ ಅತ್ತಿಗೆ. ಅಣ್ಣ ಆಗ ಗವರ್ನರ್‌ಪೇಟೆಯ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ವರ್ಗವಾಗಿ ಬಂದ ಕನ್ನಡದವರ ಮನೆಗಳು ಆ ಊರಿನಲ್ಲಿ ಹತ್ತು ಹದಿನೈದು ಇದ್ದವು. ಒಬ್ಬರು ತುಮಕೂರಿನವರು, ಒಬ್ಬರು ಬಳ್ಳಾರಿಯವರು, ಒಬ್ಬರು ಧಾರವಾಡದವರು. ಊರಿನಲ್ಲಿದ್ದಿದ್ದರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಇಲ್ಲಿ ಒಂದೇ ಮನೆಯವರ ಹಾಗೆ. ಅತ್ತಿಗೆಗೆ ಗುರುತಿದ್ದ ಎಕ್ಸ್‌ರೇ ಡಾಕ್ಟರೊಬ್ಬರು ಹೊಸದಾಗಿ ಆ ಯಂತ್ರ ತರಿಸಿದ್ದರು. ಭಾನುವಾರ ಬೆಳಗ್ಗೆ ಬಿಟ್ಟುಕೊಡಲು ಒಪ್ಪಿದರು.

"ಆದ್ರೆ ನಲವತ್ತು ದಾಟಿದವರು ಅಂತ ಮಾತ್ರ ಬಾಯಿ ಬಿಡಬೇಡ ಕಣೇ," ಅಂದರು ಅತ್ತಿಗೆ. "ಒಬ್ಬರೂ ಬರಲ್ಲ. ಯಾರ ಮಗ ಎಷ್ಟನೇ ಕ್ಲಾಸು ಅಂತ ನಂಗೆ ಗೊತ್ತು, ನಾನೇ ಲೆಕ್ಕ ಹಾಕಿ ಕರೀತೀನಿ."

"ಕರೆದರೆ ಬರ್ತಾರಾ ಅತ್ತಿಗೆ? ಆಸ್ಪತ್ರೆ ಅಂದ್ರೆ ಹೆದರ್ತಾರೆ."

"ಆಸ್ಪತ್ರೆಗೆ ಕರೆಯೋ ಹಾಗೆ ಯಾರು ಕರೀತಾರೆ? ಕುಂಕುಮ ಇಟ್ಟು ಕರೀತೀನಿ. ಇಲ್ಲ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ, ನೋಡೋಣ."

ಹಾಗೇ ಆಯಿತು. ಅರಿಸಿನ ಕುಂಕುಮಕ್ಕೆ ಕರೆಯುವವರಂತೆ ಬೆಳ್ಳಿ ಭರಣಿ ಹಿಡಿದು ಅತ್ತಿಗೆ ಮನೆ ಮನೆ ಹತ್ತಿ ಇಳಿದರು. ಹದಿಮೂರು ಜನ ಒಪ್ಪಿದರು. ಅತ್ತಿಗೆಯೂ ಸೇರಿ ಹದಿನಾಲ್ಕು. ನಾನು ಹಿಂದಿನ ದಿನವೇ ಹದಿನಾಲ್ಕು ಚೀಟಿ ಕತ್ತರಿಸಿ, ನಂಬರು ಬರೆದು, ಯಾರಿಗೆ ಯಾವುದೆಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡು ಅತ್ತಿಗೆಯ ಕೈಗೆ ಕೊಟ್ಟೆ. ಅತ್ತಿಗೆಯದು ಒಂಬತ್ತು.

ಆ ಭಾನುವಾರ ಬೆಳಗ್ಗೆ ಪೂರ್ತಿ ನಾನು ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆಯುತ್ತಿದ್ದೆ. ಟೆಕ್ನೀಶಿಯನ್ ಹುಡುಗಿ ಬಾಗಿಲಲ್ಲಿ ನಿಂತು ತೆಲುಗಿನಲ್ಲಿ ನಂಬರು ಕೂಗುವುದು, ಹೊರಗೆ ನಗು, ಕಾಫಿ ಲೋಟದ ಸದ್ದು, "ನೀವು ಹೋಗಿ, ನೀವು ಹೋಗಿ" ಎಂಬ ತಳ್ಳಾಟ ಕೇಳಿಸುತ್ತಿತ್ತು. ಹೊರಗೆ ಏನು ನಡೆಯಿತೆಂದು ನಾನು ನೋಡಲಿಲ್ಲ. ಡಾಕ್ಟರು ಒಣಗಿದ ಫಿಲ್ಮುಗಳನ್ನು ಒಂದೊಂದಾಗಿ ನೋಡಿ, ಗಂಟು ಯಾವುದರಲ್ಲೂ ಇಲ್ಲವೆಂದು ಹೇಳಿ ಕಳಿಸಿದರು. ನಾನು ಅವನ್ನು ಚೀಲಕ್ಕೆ ಹಾಕಿಕೊಂಡು ವಿಶಾಖಪಟ್ಟಣದ ರೈಲು ಹತ್ತಿದೆ.

ಮೊದಲನೆಯ ನಂಬರಿನಿಂದ ಎಂಟರವರೆಗೆ ಕಂಪ್ಯೂಟರು ಅಲ್ಲೊಂದು ಇಲ್ಲೊಂದು ಚುಕ್ಕೆ ತೋರಿಸಿತು. ಎಲ್ಲವೂ ಧೂಳು. ಒಂಬತ್ತರ ಎಡಗಡೆಯ ಫಿಲ್ಮಿನಲ್ಲಿ ಆರು ಕಡೆ ಗುರುತು ಹಾಕಿತು. ಆರೂ ಒಂದು ಹೆಸರುಕಾಳಿನಷ್ಟು ಜಾಗದಲ್ಲಿ. ಪೆಟ್ಟಿಗೆಯೊಳಗಿನ ಧೂಳೆಂದುಕೊಂಡು ಪಕ್ಕದಿಂದ ತೆಗೆದದ್ದನ್ನು ಕೊಟ್ಟೆ. ಅದರಲ್ಲೂ ಆರು. ಫಿಲ್ಮನ್ನೇ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಗಂಟಿಲ್ಲ, ನೆರಳಿಲ್ಲ, ಡಾಕ್ಟರು ಹೇಳಿದ್ದು ಸರಿಯೇ. ಆದರೆ ಒಂದು ಮೂಲೆಯಲ್ಲಿ ಆರು ಬಿಳಿ ಕಣಗಳು, ಒಂದು ಉದ್ದ, ಒಂದು ಡೊಂಕು, ಎರಡು ಒಂದಕ್ಕೊಂದು ಅಂಟಿಕೊಂಡು.

ಅದು ಅತ್ತಿಗೆಯದು ಎಂದು ತಿಳಿಯಲು ನನಗೆ ಪುಸ್ತಕ ಬೇಕಿರಲಿಲ್ಲ. ಅವರ ಚೀಟಿಯನ್ನು ಕೈಯಾರೆ ಬರೆದವಳು ನಾನೇ. ಹಾಗೆ ನೆನಪಿಟ್ಟುಕೊಂಡದ್ದೇ ಮೇಷ್ಟರ ಕಟ್ಟುಪಾಡಿಗೆ ಮೋಸ.

ಮೇಷ್ಟರು ಬಂದು ಬಹಳ ಹೊತ್ತು ನೋಡಿದರು. ಬೀರು ತೆಗೆದು, ಪುಸ್ತಕ ಬಿಚ್ಚಿ, ಹೆಸರಿನ ಮೇಲೆ ಬೆರಳಿಟ್ಟರು. "ನಿಮ್ಮ ಒದಿನಗಾರಾ?" ಎಂದರು. ತೆಲುಗಿನಲ್ಲಿ ಅತ್ತಿಗೆಗೆ ಒದಿನ ಎನ್ನುತ್ತಾರೆ. ತಲೆಯಾಡಿಸಿದೆ. "ಇದೇ ಅಂತ ಈಗಲೇ ಹೇಳಕ್ಕಾಗೋದಿಲ್ಲಮ್ಮಾ. ಎಷ್ಟೋ ಸಲ ಏನೂ ಇರೋದಿಲ್ಲ. ಆದರೆ ಸುಮ್ಮನೆ ಬಿಡುವ ಹಾಗೂ ಇಲ್ಲ. ನಾಳೆ ರೈಲಿಗೆ ಹೊರಡು. ಇನ್ನೊಮ್ಮೆ ಫಿಲ್ಮು ತೆಗೆಸು."

ನಾನು ಮದುವೆಗಿಂತ ಮೊದಲು ಎರಡು ವರ್ಷ ಅಣ್ಣನ ಮನೆಯಲ್ಲಿದ್ದು ಓದಿದವಳು. ನನ್ನ ಜಡೆ ಹಾಕಿದ್ದು, ಪರೀಕ್ಷೆಯ ದಿನ ಮೊಸರನ್ನ ಕಲೆಸಿ ಕೊಟ್ಟದ್ದು ಅತ್ತಿಗೆ. ಗಂಡನಿಗೆ ತಿಳಿಸೋಣವೆಂದರೆ ಅವರು ಯಾವ ನೀರಿನಲ್ಲಿದ್ದರೋ. ಅಣ್ಣನಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಬರುತ್ತೇನೆ ಎಂದಷ್ಟೇ ಹೇಳಿದೆ. "ಗಂಡ ಊರಲ್ಲಿಲ್ಲ ಅಂತ ತಿರುಗಾಟ ಜೋರಾಗಿದೆ," ಎಂದು ಅಣ್ಣ ನಕ್ಕ.

ರೈಲಿನಲ್ಲಿ ಕೂತ ಆ ಆರೇಳು ಗಂಟೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎದುರು ಕೂತ ಕುಟುಂಬವೊಂದು ತುನಿ ದಾಟುವ ಹೊತ್ತಿಗೆ ಇಡ್ಲಿ ಪೊಟ್ಟಣ ಬಿಚ್ಚಿ ನನಗೂ ಎರಡು ಕೊಟ್ಟಿತು. ತಿಂದೆನೋ ಇಲ್ಲವೋ ನೆನಪಿಲ್ಲ. ಗೋದಾವರಿಯ ಸೇತುವೆಯ ಮೇಲೆ ಎಲ್ಲರೂ ಕೈ ಮುಗಿದರು, ನಾಣ್ಯ ಎಸೆದರು. ನಾನು ಚೀಲವನ್ನು ಎದೆಗೊತ್ತಿ ಹಿಡಿದು ಕೂತಿದ್ದೆ. ಅದರೊಳಗೆ ಒಂಬತ್ತನೇ ಫಿಲ್ಮಿತ್ತು. ಹೇಗೆ ಹೇಳಲಿ? ಮೊದಲು ಅಣ್ಣನಿಗೋ, ಅತ್ತಿಗೆಗೋ? ಹೇಳಿದ ಮೇಲೆ ಅವರ ಮುಖ ಹೇಗಾದೀತು? ನನ್ನ ಕೆಲಸಕ್ಕೆಂದೇ ಅವರು ಆ ಯಂತ್ರದ ಮುಂದೆ ನಿಂತರಲ್ಲ ಎಂಬುದು ಬೇರೆ. ನೋಡದಿದ್ದರೆ ಇರುತ್ತಿರಲಿಲ್ಲ ಎಂಬಂಥ ಹುಚ್ಚು ಯೋಚನೆ ಭೌತಶಾಸ್ತ್ರ ಓದಿದವರಿಗೂ ಬರುತ್ತದೆ.

ಏಲೂರು ದಾಟಿದ ಮೇಲೆ ಒಂದು ಸುಳ್ಳು ಹೊಂದಿಸಿಕೊಂಡೆ. ಶನಿವಾರ ಸಂಜೆ, ಅತ್ತಿಗೆ ಅಡಿಗೆಮನೆಯಲ್ಲಿ ಮಜ್ಜಿಗೆಹುಳಿಗೆ ಕಾಯಿ ರುಬ್ಬುತ್ತಿದ್ದಾಗ ಹೇಳಿದೆ.

"ಅತ್ತಿಗೆ, ಆವತ್ತಿನ ನಿಮ್ಮ ಫಿಲ್ಮು ತೊಳೆಯುವಾಗ ಕೆಟ್ಟುಬಿಟ್ಟಿದೆ. ಇನ್ನೊಂದು ಸಲ ತೆಗೀಬೇಕು. ನಾಳೆ ಬೆಳಗ್ಗೆ ಬರ್ತೀರಾ?"

ಅವರ ಕೈ ನಿಂತಿತು. ಮುಖ ಬಿಳಿಚಿಕೊಂಡಿತು. ನನ್ನ ಕಡೆ ನೋಡದೆ, "ಆಯ್ತು," ಅಂದರು. ಒಂದು ಪ್ರಶ್ನೆಯಿಲ್ಲ, ಒಂದು ತಮಾಷೆಯಿಲ್ಲ. ಅತ್ತಿಗೆ ಪ್ರಶ್ನೆ ಕೇಳದೆ ಒಪ್ಪಿಕೊಂಡದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. ಅವರಿಗೆ ಎಲ್ಲ ತಿಳಿದುಹೋಯಿತು, ನನ್ನ ಮುಖದ ಮೇಲೇ ಓದಿಕೊಂಡರು ಎಂದುಕೊಂಡೆ. ಊಟಕ್ಕೆ ಕೂತಾಗ ಅಣ್ಣ ಇಬ್ಬರನ್ನೂ ನೋಡಿ, "ಏನು, ನಾದಿನಿ ಅತ್ತಿಗೆ ಜಗಳ ಆಡಿದ್ರಾ?" ಎಂದ. ಇಬ್ಬರೂ ಒಟ್ಟಿಗೆ ಇಲ್ಲ ಎಂದೆವು.

ಮರುದಿನ ಡಾಕ್ಟರಿಗೆ ಮಾತ್ರ ನಿಜ ಹೇಳಿ ಹಳೆಯ ಫಿಲ್ಮು ಕೊಟ್ಟೆ. ಅವರು ಭೂತಗನ್ನಡಿ ಹಿಡಿದು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. "ಗಂಟು ಹುಡುಕೋ ಭರದಲ್ಲಿ ಇದನ್ನ ಬಿಟ್ಟುಬಿಟ್ಟೆನಮ್ಮಾ," ಎಂದು ಮೆಲ್ಲಗೆ ಅಂದರು. ಹೊಸ ಫಿಲ್ಮಿನ ಪೆಟ್ಟಿಗೆಯನ್ನು ನಾನೇ ಮೂರು ಸಲ ಒರೆಸಿದೆ. ಅತ್ತಿಗೆ ಯಂತ್ರದ ಮುಂದೆ ಕಣ್ಣು ಮುಚ್ಚಿ ನಿಂತಿದ್ದರು, ತುಟಿ ಏನೋ ಜಪಿಸುತ್ತಿತ್ತು. ನಾನು ಫಿಲ್ಮು ತೆಗೆದುಕೊಂಡು ಕತ್ತಲೆ ಕೋಣೆಗೆ ಹೋದೆ. ದ್ರಾವಣದಲ್ಲಿ ಅದ್ದಿ ನಿಮಿಷ ಎಣಿಸಿದೆ.

ಒದ್ದೆ ಫಿಲ್ಮನ್ನೇ ಬೆಳಕಿನ ಮುಂದೆ ತೂಗುಹಾಕಿದೆವು. ಏನೂ ಇರಲಿಲ್ಲ. ಪಕ್ಕದಿಂದ ತೆಗೆದದ್ದರಲ್ಲೂ ಇಲ್ಲ. ಒಂದು ಚುಕ್ಕೆಯೂ ಇಲ್ಲ.

ನಾನು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಅತ್ತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಅಷ್ಟು ಸುಖವಾಗಿ ನಾನು ಅತ್ತದ್ದೇ ಇಲ್ಲ. ತಲೆಯೆತ್ತಿದಾಗ ಡಾಕ್ಟರು ನಗುತ್ತಿರಲಿಲ್ಲ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು.

"ಚುಕ್ಕಲು ಎಕ್ಕಡಿಕಿ ಪೋಯಾಯಮ್ಮಾ?" ಎಂದರು. ಚುಕ್ಕೆಗಳೆಲ್ಲಿ ಹೋದವು.

ಸುಣ್ಣ ಮೂರು ವಾರದಲ್ಲಿ ಕರಗಿ ಹೋಗುವುದಿಲ್ಲ. ಅದು ಅವರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ಫಿಲ್ಮುಗಳನ್ನು ಸರಿಯಾಗಿ ನೋಡಿದರೆ ಆಕಾರವೇ ಬೇರೆ, ಒಳಗಿನ ಎಳೆಗಳ ಹರಹೇ ಬೇರೆ. ಇವು ಒಬ್ಬಳೇ ಹೆಂಗಸಿನವಲ್ಲ. ನನ್ನ ಕಣ್ಣೀರು ಇನ್ನೂ ಕೆನ್ನೆಯ ಮೇಲಿತ್ತು. ಆ ಆರು ಚುಕ್ಕೆಗಳನ್ನು ಮೈಯಲ್ಲಿಟ್ಟುಕೊಂಡು ಇನ್ನೊಬ್ಬಳು ಎಲ್ಲೋ ಇದೇ ಊರಿನಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದಾಳೆ, ನಾನು ಅದಕ್ಕೇ ಇಷ್ಟು ಹೊತ್ತು ಸಂತೋಷಪಟ್ಟೆ ಎಂದು ಹೊಳೆದು ಸ್ಟೂಲಿನಿಂದ ಎದ್ದೆ.

ಹೊರಗೆ ಬೆಂಚಿನ ಮೇಲೆ ಅತ್ತಿಗೆ ಸೆರಗು ಹೊದ್ದು ಕೂತಿದ್ದರು. ಪಕ್ಕದಲ್ಲಿ ಕೂತು ಕೇಳಿದೆ.

"ಅತ್ತಿಗೆ, ಆವತ್ತು ನೀವು ಒಳಗೆ ಹೋಗಿದ್ರಾ?"

ಅವರು ತಲೆ ತಗ್ಗಿಸಿದರು. "ಬೈಬೇಡ ಕಣೇ. ಹೋಗಿರಲಿಲ್ಲ. ನಿಂಗೆ ಗೊತ್ತಾಗಿಬಿಟ್ಟಿದೆ, ಬಾಯಿಬಿಟ್ಟು ಬೈಯೋಕಾಗದೆ ಫಿಲ್ಮು ಕೆಟ್ಟಿದೆ ಅಂತ ನೆಪ ಹೇಳ್ತಿದೀಯ ಅಂದ್ಕೊಂಡೆ. ಅದಕ್ಕೇ ಸುಮ್ನೆ ಬಂದೆ."

"ನಿಮ್ಮ ಚೀಟಿ ಯಾರಿಗೆ ಕೊಟ್ರಿ?"

"ಅವ್ವಂಗೆ."

ಅವ್ವ ಎಂದರೆ ಧಾರವಾಡದ ಕಡೆಯ ಮ್ಯಾನೇಜರೊಬ್ಬರ ತಾಯಿ. ಅರವತ್ತು ದಾಟಿತ್ತು. ಬ್ಯಾಂಕಿನ ಮನೆಗಳವರಿಗೆಲ್ಲ ಅವರು ಅವ್ವ. ಯಾರ ಮಗುವಿಗೆ ಹಲ್ಲು ಬಂದರೂ, ಯಾರ ಮನೆಯಲ್ಲಿ ಹಪ್ಪಳ ಒತ್ತಿದರೂ ಅವರು ಬೇಕು. ಆದರೆ ಗಂಡ ತೀರಿಕೊಂಡಿದ್ದ ಅವರನ್ನು ಕುಂಕುಮ ಇಟ್ಟು ಕರೆಯುವ ಹಾಗಿರಲಿಲ್ಲ. ಅತ್ತಿಗೆ ಆ ಮನೆಗೆ ಹೋಗಿ ಸೊಸೆಯ ಹಣೆಗೆ ಕುಂಕುಮ ಇಟ್ಟು, ಅವ್ವನಿಗೆ ನಮಸ್ಕಾರ ಮಾಡಿ ಬಂದಿದ್ದರು. ಭಾನುವಾರ ಸೊಸೆಯ ಜೊತೆಗೆಂದು ಅವ್ವನೂ ಬಂದು ಹೊರಗೆ ಕೂತಿದ್ದರು.

"ಅವರು ಕೂತ್ಕೊಂಡು ನೋಡ್ತಿದ್ರು," ಅತ್ತಿಗೆ ಹೇಳಿದರು. "ಎಲ್ಲರ ಕೈಯಲ್ಲೂ ಚೀಟಿ, ಅವರ ಕೈಯಲ್ಲಿಲ್ಲ. ಏನವಾ, ಮುದುಕರಿಗೆ ಇಲ್ಲೇನು ಅಂತ ನಗ್ತಾ ಕೇಳಿದ್ರು. ನಂಗೆ ಭೂಮಿ ಬಾಯಿಬಿಟ್ಟಂಗಾಯ್ತು. ಯಾಕಿಲ್ಲ ಅವ್ವಾ, ಇದು ನಿಮ್ದೇ ಅಂತ ನಂದನ್ನ ಕೊಟ್ಟುಬಿಟ್ಟೆ." ಸೆರಗನ್ನು ಇನ್ನೊಮ್ಮೆ ಎಳೆದುಕೊಂಡು, "ನಂಗೂ ಒಳಗೆ ಹೋಗೋಕೆ ಹೆದರಿಕೆ ಇತ್ತು. ಎರಡೂ ಆಯ್ತು ಅಂದ್ಕೊಂಡೆ," ಎಂದರು.

ಆಮೇಲೆ ನನ್ನ ಮುಖ ನೋಡಿ ಅವರಿಗೆ ಅರ್ಥವಾಯಿತು. ಎದ್ದು ನಿಂತರು.

"ಇವತ್ತು ಅವರು ಊರು ಬಿಡ್ತಾರೆ. ಮಗನಿಗೆ ಬೆಳಗಾವಿಗೆ ವರ್ಗ ಆಗಿದೆ. ಬೆಳಗ್ಗೆ ಎಂಟಕ್ಕೆ ಲಾರಿ."

ಆಗ ಹನ್ನೊಂದು ದಾಟಿತ್ತು.

ಇಬ್ಬರೂ ಆಟೋ ಹತ್ತಿದೆವು. ಗವರ್ನರ್‌ಪೇಟೆಯ ಸಂದಣಿಯಲ್ಲಿ ಗೋಣಿಚೀಲ ಹೊತ್ತವರು, ರಿಕ್ಷಾಗಳು, ಒಂದು ಎಮ್ಮೆ, ಎಲ್ಲ ಸೇರಿ ಬೇಕೆಂದೇ ಅಡ್ಡ ಬರುತ್ತಿವೆ ಎನಿಸಿತು. ಅತ್ತಿಗೆ ನನ್ನ ಮಣಿಕಟ್ಟನ್ನು ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದಿದ್ದರು. ಖಾಲಿ ಮನೆಗೆ ಬೀಗ ನೇತಾಡುವ ಚಿತ್ರ ನನ್ನ ಕಣ್ಣ ಮುಂದೆ ಬಂದು ನಿಂತಿತ್ತು.

ಬೀಗವಿರಲಿಲ್ಲ. ವರಾಂಡದ ತುಂಬ ಕಟ್ಟಿದ ಗಂಟುಗಳು, ಹುಲ್ಲು ತುರುಕಿದ ಪಾತ್ರೆ ಪೆಟ್ಟಿಗೆಗಳು. ಆಟೋನಗರದಿಂದ ಬರಬೇಕಿದ್ದ ಲಾರಿ ಅಲ್ಲೇ ಯಾವುದೋ ಶೆಡ್ಡಿನಲ್ಲಿ ರಿಪೇರಿಗೆ ನಿಂತಿತ್ತಂತೆ. ಮಗ ಬಾಗಿಲಲ್ಲಿ ನಿಂತು ಯಾರನ್ನೋ ಬೈಯುತ್ತಿದ್ದ. ಸುತ್ತಿಟ್ಟ ಹಾಸಿಗೆಯ ಮೇಲೆ ಅವ್ವ ಕೂತಿದ್ದರು, ಮಂಗಳಗಿರಿಯ ನೂಲಿನ ಸೀರೆ ಉಟ್ಟು, ತೊಡೆಯ ಮೇಲೆ ಎಲೆ ಅಡಿಕೆಯ ಚಂಚಿ ಇಟ್ಟುಕೊಂಡು.

"ಬರ್ರಿ ಬರ್ರಿ," ಅಂದರು. "ಕಳಿಸಿಕೊಡ್ಲಿಕ್ಕೆ ಬಂದೀರಿ, ಲಾರಿನೇ ಬಂದಿಲ್ಲ ನೋಡ್ರಿ."

ನಾನು ಅವರ ಕಾಲ ಹತ್ತಿರ ನೆಲದ ಮೇಲೆ ಕೂತೆ. "ಅವ್ವಾ, ಆವತ್ತಿನ ನಿಮ್ಮ ಫಿಲ್ಮು ಸ್ವಲ್ಪ ಕೆಟ್ಟಿದೆ. ಇನ್ನೊಂದು ಸಲ..."

"ಕೆಟ್ಟಿದ್ದು ಫಿಲ್ಮೋ, ನಾನೋ?"

ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಕೋಪವಿರಲಿಲ್ಲ. ಆ ನೋಟದ ಎದುರು ಸುಳ್ಳು ನಿಲ್ಲಲಿಲ್ಲ.

"ಗೊತ್ತಿಲ್ಲ ಅವ್ವಾ. ಏನೋ ಕಾಣ್ತಿದೆ. ಏನು ಅಂತ ತಿಳೀಬೇಕು."

"ಹಂಗಂತ ಮೊದಲ ಹೇಳಬೇಕವಾ. ನಾ ಏನು ಸಣ್ಣ ಕೂಸೇನು?" ಎಂದು ಎಲೆಯನ್ನು ಹಾಗೇ ಚಂಚಿಯೊಳಗಿಟ್ಟು, ಮೊಣಕಾಲಿನ ಮೇಲೆ ಕೈಯೂರಿ ಎದ್ದರು. ಮಗ ಗಾಬರಿಯಿಂದ, "ಅವ್ವಗ ಏನಾಗ್ಯದರೀ?" ಎಂದು ನನ್ನನ್ನು ಕೇಳಿದ. ಉತ್ತರ ಕೊಟ್ಟವರು ಅವ್ವ. "ಅದನ್ನ ಕೇಳ್ಕೊಂಡು ಬರ್ಲಿಕ್ಕೇ ಹೊಂಟೀನಿ. ನೀ ಲಾರಿ ನೋಡ್ಕೋ."

ಕತ್ತಲೆ ಕೋಣೆಗೆ ಅದೇ ದಿನ ಎರಡನೆಯ ಸಲ ಹೋದೆ. ನೀರು ಸೋರುವ ಫಿಲ್ಮನ್ನು ಬೆಳಕಿಗೆ ಹಿಡಿದೆ. ಅದೇ ಮೂಲೆ. ಒಂದು ಉದ್ದ, ಒಂದು ಡೊಂಕು, ಎರಡು ಅಂಟಿಕೊಂಡವು, ಇನ್ನೆರಡು. ಪಕ್ಕದಿಂದ ತೆಗೆದದ್ದರಲ್ಲೂ ಆರು.

"ನನಗೂ ಒಂದಿಷ್ಟು ತೋರಸು," ಎಂದು ಅವ್ವ ಹಿಂದೆ ಬಂದು ನಿಂತಿದ್ದರು. ಭೂತಗನ್ನಡಿ ಕೈಗೆ ಕೊಟ್ಟು ಜಾಗ ತೋರಿಸಿದೆ. ಬಹಳ ಹೊತ್ತು ನೋಡಿದರು.

"ಇಷ್ಟ ಏನು? ಎಲಿಗೆ ಹಚ್ಚಿದ ಸುಣ್ಣ ಅಲ್ಲಿಗೆ ಹೋಗಿ ಕೂತದೇನು?" ಎಂದರು. ನಾನು ನಗಲಿಲ್ಲ. ಅತ್ತಿಗೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. ಅವ್ವ ಅವರ ಕಡೆ ತಿರುಗಿ, "ಅಕಿ ಯಾಕ ಅಳ್ತಾಳ? ಇದು ಅಕೀದೇನು, ನಂದೇನು?" ಎಂದು ಕೇಳಿದರು.

"ನಿಮ್ಮದೇ ಅವ್ವಾ."

"ಹಂಗಾದ್ರ ಅಕೀದು ಚೊಲೋ ಅದ?"

"ಹೌದು."

"ಮತ್ತ ಅಳೋದು ಯಾಕ? ಮಕ್ಕಳು ಇನ್ನೂ ಸಣ್ಣವು ಅದಾವ." ಆದರೆ ಭೂತಗನ್ನಡಿಯನ್ನು ನನಗೆ ವಾಪಸು ಕೊಡುವಾಗ ಅವರ ಬೆರಳು ಮಂಜಿನಂತೆ ತಣ್ಣಗಿದ್ದವು.

ಊರಿಗೆ ಹೋಗಿ ಅಲ್ಲೇ ತೋರಿಸೋಣ ಎಂದ ಮಗ. ಇಲ್ಲಿ ಕಂಡದ್ದು ಅಲ್ಲಿನವರಿಗೆ ಕಾಣದಿದ್ದರೆ ಎಂದರು ಅವ್ವ. ಲಾರಿ ಸಂಜೆಗೆ ಬಂದು ಸಾಮಾನು ತುಂಬಿಕೊಂಡು ಹೋಯಿತು. ಅದರ ಹಿಂದೆ ಸೊಸೆ ಮಕ್ಕಳೊಡನೆ ರೈಲು ಹತ್ತಿದಳು. ಮಗ ರಜೆ ಹಾಕಿ ಉಳಿದ. ಅವ್ವ ಅತ್ತಿಗೆಯ ಮನೆಗೆ ಬಂದರು. ಮೇಷ್ಟರು ಫೋನಿನಲ್ಲಿ, ಲ್ಯಾಬಿಗೆ ಬೀಗ ಹಾಕಿರಲಿ, ಅವ್ವನ ಚಿಕಿತ್ಸೆ ಮುಗಿಯುವ ತನಕ ಅಲ್ಲೇ ಇರು ಎಂದರು.

ಕೈಗೆ ಸಿಗದ್ದನ್ನು ಕತ್ತರಿಸಿ ತೆಗೆಯುವುದು ಸುಲಭವಲ್ಲ. ಆ ಗುರುವಾರ ಡಾಕ್ಟರು ಫಿಲ್ಮು ನೋಡಿಕೊಂಡು ಚುಕ್ಕೆಗಳ ಜಾಗಕ್ಕೆ ಸರಿಯಾಗಿ ಸೂಜಿಯೊಂದನ್ನು ಇಳಿಸಿ, ಅದರೊಳಗಿಂದ ಕೂದಲಿನಷ್ಟು ಸಣ್ಣ ತಂತಿ ಬಿಟ್ಟರು. ಸರ್ಜನ್ ಆ ತಂತಿಯ ದಾರಿ ಹಿಡಿದು ಹೋಗಿ ನಿಂಬೆಹಣ್ಣಿನಷ್ಟು ತುಂಡನ್ನು ತೆಗೆದರು. ಚುಕ್ಕೆಗಳೆಲ್ಲ ಆ ತುಂಡಿನೊಳಗೆ ಬಂದಿವೆಯೇ ಎಂದು ತಿಳಿಯಲು ಅದನ್ನೇ ಯಂತ್ರದ ಮೇಲಿಟ್ಟು ಫಿಲ್ಮು ತೆಗೆಯಬೇಕು. ಆ ಕೆಲಸ ನನ್ನದಾಯಿತು. ಅತ್ತ ಆಪರೇಷನ್ ಕೋಣೆಯಲ್ಲಿ ಗಾಯ ತೆರೆದಿಟ್ಟುಕೊಂಡು ಅವರು ಕಾಯುತ್ತಿದ್ದರು. ನರ್ಸ್ ಬಾಗಿಲಲ್ಲಿ ನಿಂತಿದ್ದಳು.

ಎಣಿಸಿದೆ. ಐದು.

ಮತ್ತೆ ಎಣಿಸಿದೆ. ಉದ್ದದ್ದು, ಡೊಂಕಿನದು, ಅಂಟಿಕೊಂಡ ಎರಡು, ಇನ್ನೊಂದು. ಐದೇ. ತುಂಡನ್ನು ಮಗ್ಗುಲಾಗಿಸಿ ಇನ್ನೊಂದು ಫಿಲ್ಮು ತೆಗೆದೆ. ಅದು ನೀರಿನಲ್ಲಿ ತೇಲುವಾಗ ನರ್ಸ್ ಎರಡು ಸಲ, "ಏಮಿ ಚೆಪ್ಪಾಲಿ ಮೇಡಮ್?" ಎಂದು ಕೇಳಿದಳು, ಏನು ಹೇಳಲಿ ಎಂದು. ಐದೇ. ಒಂದು ಒಳಗೆ ಉಳಿದಿತ್ತು. ನಾನು ತಪ್ಪು ಎಣಿಸಿದ್ದರೆ ಆ ಮುದುಕಿಯನ್ನು ಸುಮ್ಮನೆ ಇನ್ನಷ್ಟು ಕುಯ್ಯುತ್ತಾರೆ. ಸರಿಯಾಗಿ ಎಣಿಸಿದ್ದೂ ಬಾಯಿ ಬಿಡದಿದ್ದರೆ ಬಿಟ್ಟದ್ದು ಬೆಳೆಯುತ್ತದೆ. ಇಷ್ಟು ವರ್ಷ ಫಿಲ್ಮಿನ ಮೇಲೆ ಚುಕ್ಕೆ ಎಣಿಸಿದ್ದೆ. ಎಣಿಕೆಯ ಆ ಕಡೆ ಒಬ್ಬರು ಪ್ರಜ್ಞೆಯಿಲ್ಲದೆ ಮಲಗಿರುವುದು ಅದೇ ಮೊದಲು.

"ಇನ್ನೊಂದಿದೆ ಅಂತ ಹೇಳು," ಎಂದೆ. "ಒಳಗಡೆಯ ಅಂಚಿನಲ್ಲಿ. ಇನ್ನೂ ಸ್ವಲ್ಪ ತೆಗೀಬೇಕು."

ಎರಡನೆಯ ತುಂಡು ಅಡಿಕೆಯಷ್ಟಿತ್ತು. ಅದರ ನಡುವೆ ಒಂದು ಬಿಳಿಯ ಕಣ. ಆರೂ ಬಂದವೆಂದು ನರ್ಸಿಗೆ ಹೇಳಿ ಕಳಿಸಿದೆ.

ಪರೀಕ್ಷೆಯ ಫಲ ಬರಲು ಒಂದು ವಾರ ಹಿಡಿಯಿತು. ಕ್ಯಾನ್ಸರೇ. ಆದರೆ ಹುಟ್ಟಿದ ನಾಳದೊಳಗೇ ಇತ್ತು, ಗೋಡೆ ಒಡೆದು ಹೊರಗೆ ಬಂದಿರಲಿಲ್ಲ. ಇನ್ನೊಂದು ದೊಡ್ಡ ಆಪರೇಷನ್ ಆಗಬೇಕು, ಆಮೇಲೆ ಬದುಕಿಗೆ ಅಪಾಯವಿರಲಾರದು ಎಂದರು ಸರ್ಜನ್. ಅವ್ವನ ಹಾಸಿಗೆಯ ಪಕ್ಕ ಕೂತು ಎಲ್ಲವನ್ನೂ ಇದ್ದ ಹಾಗೆ ಹೇಳಿದೆ. ಅವರು ಕೇಳಿಸಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದರು. ಅತ್ತಿಗೆ ಅವರ ಕಾಲು ಒತ್ತುತ್ತಿದ್ದರು. ಒಂದು ವಾರದಿಂದ ಅವರು ಬೇರೇನೂ ಮಾಡಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವ್ವ ನನ್ನ ಕಡೆ ತಿರುಗಿದರು.

"ಆವತ್ತು ನನ್ನ ಜೊತಿಗೆ ಬಂದಿದ್ರಲ್ಲ, ಉಳಿದವರದ್ದೆಲ್ಲ ನೋಡೀಯೇನು?"

"ಎಂಟು ಜನರದ್ದು ನೋಡಿದೀನಿ ಅವ್ವಾ. ಚೆನ್ನಾಗಿದೆ. ಹತ್ತರಿಂದ ಮುಂದಕ್ಕೆ ಇನ್ನೂ ಐದು ಉಳಿದಿವೆ. ನಿಮ್ಮದು ಮುಗೀಲಿ ಅಂತ..."

ಆ ಐವರ ಮುಖಗಳು ನನ್ನ ಕಣ್ಣ ಮುಂದೆ ಬಂದದ್ದು ಆಗಲೇ. ಮೂರು ವಾರಕ್ಕೆ ಎರಡು ವಾರ ಸೇರಿ ಹೋಗಿತ್ತು. ಫಿಲ್ಮುಗಳು ಬೀಗ ಹಾಕಿದ ಲ್ಯಾಬಿನಲ್ಲಿ, ಲಕೋಟೆಯೊಳಗೆ, ಯಾರೂ ನೋಡದೆ ಬಿದ್ದಿದ್ದವು.

"ಮತ್ತ ಇಲ್ಲಿ ಯಾಕ ಕೂತೀ?" ಎಂದರು ಅವ್ವ. "ಮಧ್ಯಾಹ್ನಕ್ಕ ರೈಲು ಅದ ಅಲ್ಲ?"